ಹಳೇ ಹಾಯಿದೋಣಿಯ ಒಳಮರಕ್ಕೆ ಮಂದ ಹೊಳಪಿನ ವಾರ್ನಿಷ್: ಡಬ್ಬಕ್ಕೆಷ್ಟು ಅಂಕ, ಅಲಗಿಗೆಷ್ಟು ಅಂಕ

ಎಪಿಫೇನ್ಸ್ ಕಂಪನಿಯ ‘ರಬ್ಡ್ ಎಫೆಕ್ಟ್’ ವಾರ್ನಿಷ್ ಚೆನ್ನಾಗಿದೆ, ಧಾರಾಳವಾಗಿ ಕೊಳ್ಳಬಹುದು. ಐದಕ್ಕೆ ನಾಲ್ಕು ಅಂಕ. ಆದರೆ ಈ ಡಬ್ಬ ಒಂದನ್ನೇ ತಂದು ಹಳೇ ಮರದ ಮೇಲೆ ಬಳಿದು, ಲೇಬಲ್ಲಿನ ಚಿತ್ರದಲ್ಲಿರುವಂಥ ಕ್ಯಾಬಿನ್ ತಾನಾಗಿ ಎದ್ದು ಬರುತ್ತದೆ ಎಂದು ಕಾಯುವವರಿಗೆ ಈ ಅಂಕ ಲಾಗೂ ಆಗುವುದಿಲ್ಲ. ನಮ್ಮ ದೋಣಿಯಲ್ಲಿ ಕೆಲಸ ಮಾಡಿದ್ದು ಬಹುಪಾಲು ಹಳೇ ವಾರ್ನಿಷ್ ಹೆರೆಯುವ ಒಂದು ಕಾರ್ಬೈಡ್ ಸ್ಕ್ರೇಪರ್ ಮತ್ತು ಕಪ್ಪು ಕಲೆ ತೆಗೆಯುವ ಒಂದು ಪೊಟ್ಟಣ ಆಕ್ಸಾಲಿಕ್ ಆಮ್ಲ. ವಾರ್ನಿಷ್ ಕೊನೆಗೆ ಬಂದು ಹೆಸರು ತೆಗೆದುಕೊಂಡಿತು, ಅಷ್ಟೇ. ಹಾಗಾಗಿ ಈ ವಿಮರ್ಶೆ ಡಬ್ಬದ ಬಗ್ಗೆಯೇ ಆದರೂ ಡಬ್ಬದ ಮುಚ್ಚಳ ತೆಗೆಯುವ ಹೊತ್ತಿಗೆ ಅರ್ಧ ದಾಟಿರುತ್ತದೆ.

ದೋಣಿ 1970ರ ದಶಕದ್ದು. ಹೊರಮೈ ಫೈಬರ್‌ಗ್ಲಾಸ್, ಒಳಗೆ ಕಣ್ಣು ಹಾಯಿಸಿದಲ್ಲೆಲ್ಲ ಮರ. ನಾನೂ ನನ್ನ ತಮ್ಮನೂ ಸೇರಿ ಕೊಂಡದ್ದು. ಎಂಜಿನ್ನು, ಹಗ್ಗ, ಹಾಯಿ ಎಲ್ಲ ಅವನ ಪಾಲಿಗೆ. ಒಳಗಿನ ಮರ ನನ್ನ ಪಾಲಿಗೆ. ಅಂಚುಪಟ್ಟಿಗಳು, ಹಿಡಿಗಂಬಿಗಳು, ಶೆಲ್ಫಿನಿಂದ ಸಾಮಾನು ಉರುಳದಂತೆ ಎದ್ದುನಿಂತ ತಡೆಪಟ್ಟಿಗಳು ಗಟ್ಟಿ ತೇಗ. ಬಲ್ಕ್‌ಹೆಡ್ಡುಗಳು, ಅಂದರೆ ದೋಣಿಯ ಹೊಟ್ಟೆಯನ್ನು ಅಡ್ಡಕ್ಕೆ ಭಾಗ ಮಾಡುವ ಗೋಡೆಗಳು, ಪ್ಲೈವುಡ್ಡಿನ ಮೇಲೆ ಅಂಟಿಸಿದ ಮಹಾಗನಿ ವೆನೀರ್, ಅಂದರೆ ತೆಳು ಮರದ ಪದರ. ನೆಲಹಲಗೆ ತೇಗದ ಕಂದು ಪಟ್ಟಿ, ನಡುನಡುವೆ ಹಾಲಿ (holly) ಎಂಬ ಬಿಳಿ ಮರದ ಗೆರೆ. ಮೂರಕ್ಕೂ ಮೂರು ಬಗೆಯ ಉಪಚಾರ ಬೇಕು ಎನ್ನುವುದನ್ನು ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ.

ಸೋರಿಕೆ ನಿಲ್ಲಿಸದೆ ಒಳಮರಕ್ಕೆ ಕೈ ಹಾಕಬೇಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದಂತಾಗುತ್ತದೆ. ಒಳಗೆ ವಾರ್ನಿಷ್ ಏಳುವುದಕ್ಕೆ ಬಿಸಿಲು ಕಾರಣವಾಗುವುದು ಕಡಿಮೆ. ಕಿಟಕಿಯ ಚೌಕಟ್ಟಿನಿಂದಲೋ, ಡೆಕ್ಕಿನ ಮೇಲೆ ಬಿಗಿದ ಯಾವುದೋ ಬೋಲ್ಟಿನ ಬುಡದಿಂದಲೋ, ಪಟಸ್ತಂಭದ ತಂತಿಗಳನ್ನು ಹಿಡಿದಿಡುವ ಚೈನ್‌ಪ್ಲೇಟಿನ ಸಂದಿಯಿಂದಲೋ ಇಳಿಯುವ ನೀರೇ ನಿಜವಾದ ಶತ್ರು. ಅದು ಪ್ಲೈವುಡ್ಡಿನ ಕತ್ತರಿಸಿದ ಅಂಚಿನಲ್ಲಿ ಹೊಕ್ಕು, ಪದರದ ಹಿಂದಿನಿಂದ ವಾರ್ನಿಷನ್ನು ಎಬ್ಬಿಸುತ್ತದೆ. ಮುಂದಿನಿಂದ ನೀವು ಎಷ್ಟು ಕೋಟು ಬಳಿದರೂ ಅದಕ್ಕೆ ಲೆಕ್ಕವಿಲ್ಲ. ಬಲ್ಕ್‌ಹೆಡ್ಡಿನ ಬುಡವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ವಾರ್ನಿಷ್ ವಿಚಾರ ಮರೆತು ಬಡಗಿಯನ್ನು ಕರೆಯಿರಿ.

ಎರಡನೆಯದು ತೊಳೆಯುವುದು. ಹಳೇ ಕ್ಯಾಬಿನ್ನಿನ ಮರದ ಮೇಲೆ ಅಡುಗೆಯ ಜಿಡ್ಡು, ದೀಪದ ಮಸಿ, ಹತ್ತಾರು ಕೈಗಳ ಬೆವರು, ಯಾರೋ ಪ್ರೀತಿಯಿಂದ ತಿಕ್ಕಿದ ಪಾಲಿಶು ಎಲ್ಲ ಪದರಪದರವಾಗಿ ಕೂತಿರುತ್ತವೆ. ತೊಳೆಯದೆ ಉಪ್ಪುಕಾಗದ ಹಿಡಿದರೆ ಅಷ್ಟನ್ನೂ ಮರದ ರಂಧ್ರಗಳಿಗೆ ತುಂಬಿದಂತೆ. ಸೌಮ್ಯವಾದ ಸೋಪಿನ ನೀರು, ಹಿಂಡಿದ ಬಟ್ಟೆ, ಆಮೇಲೆ ಶುದ್ಧ ನೀರಿನ ಬಟ್ಟೆ. ನಮ್ಮ ಕ್ಯಾಬಿನ್ನಿನಲ್ಲಿ ಇಷ್ಟಕ್ಕೇ ಮರದ ಬಣ್ಣ ಎರಡು ಮೆಟ್ಟಿಲು ತಿಳಿಯಾಯಿತು. ತಮ್ಮ ಇಣುಕಿ ನೋಡಿ, ‘ಅಕ್ಕಾ, ಸಾಕಲ್ಲ ಇಷ್ಟು? ಇನ್ನೇನು ಬಳಿಯೋದು?’ ಅಂದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಎಲ್ಲ ಕಡೆಯೂ ಹಳೇ ವಾರ್ನಿಷ್ ಕಿತ್ತು ಹಾಕಲೇಬೇಕು ಎಂದೇನಿಲ್ಲ. ಚೂಪಾದ ಅಲಗಿನಿಂದ ಸಣ್ಣ ಕತ್ತರಿ ಗುರುತು ಎಳೆದು, ಅದರ ಮೇಲೆ ಗಟ್ಟಿ ಟೇಪು ಅಂಟಿಸಿ, ಫಟ್ಟನೆ ಕಿತ್ತು ನೋಡಿ. ಟೇಪಿನ ಜೊತೆ ವಾರ್ನಿಷ್ ಬರದಿದ್ದರೆ ಅದು ಇನ್ನೂ ಮರವನ್ನು ಕಚ್ಚಿಕೊಂಡಿದೆ ಎಂದರ್ಥ. ಅಲ್ಲಿ 220ರ, ಅಂದರೆ ಸಣ್ಣ ಕಾಳಿನ, ಉಪ್ಪುಕಾಗದದಿಂದ ಹೊಳಪು ಮಂಕಾಗುವಷ್ಟು ಉಜ್ಜಿ ಹೊಸ ಕೋಟು ಕೊಟ್ಟರೆ ಮುಗಿಯಿತು. ನಮ್ಮ ಮುಂಭಾಗದ ಮಲಗುವ ಗೂಡು ಹೀಗೆಯೇ ಉಳಿಯಿತು.

ಟೇಪಿನ ಜೊತೆ ಸುಲಿದು ಬಂದ ಕಡೆಗಳಲ್ಲಿ ಸ್ಕ್ರೇಪರ್. ನಾನು ಬಳಸಿದ್ದು ಬಾಹ್ಕೊ ಕಂಪನಿಯದು, 65 ಮಿ.ಮೀ. ಅಗಲದ ಟಂಗ್‌ಸ್ಟನ್ ಕಾರ್ಬೈಡ್ ಅಲಗು, ಎಳೆದು ಹೆರೆಯುವ ಬಗೆಯದ್ದು. ತಲೆಯ ಮೇಲೆ ಇನ್ನೊಂದು ಕೈಯಿಂದ ಅದುಮಲು ಒಂದು ಗುಂಡು ಹಿಡಿ ಇರುತ್ತದೆ. ಇದಕ್ಕೆ ಐದಕ್ಕೆ ಐದು. ಮರದ ಎಳೆಯ ದಿಕ್ಕಿಗೆ ಹಿಡಿದು, ಅಲಗನ್ನು ತುಸು ಓರೆ ಮಾಡಿ, ತನ್ನತ್ತ ಉದ್ದಕ್ಕೆ ಎಳೆದರೆ ವಾರ್ನಿಷ್ ಪುಡಿಯಾಗದೆ ಸುರುಳಿ ಸುರುಳಿಯಾಗಿ ಬರುತ್ತದೆ, ಹಣ್ಣಾದ ಈರುಳ್ಳಿ ಸಿಪ್ಪೆಯ ಹಾಗೆ. ಕೈಗೆ ಗೊತ್ತಾಗುತ್ತದೆ: ವಾರ್ನಿಷ್ ಇರುವ ತನಕ ಅಲಗು ಜಾರುವ ಸದ್ದೇ ಬೇರೆ, ಮರ ಮುಟ್ಟಿದ ಕೂಡಲೇ ಒಂದು ಒಣ ಸದ್ದು ಬರುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಉಪ್ಪುಕಾಗದದಲ್ಲಿ ಈ ಸೂಚನೆಯೇ ಇಲ್ಲ. ಅದು ಮೆತ್ತಗಿನ ವಾರ್ನಿಷಿನಿಂದ ತುಂಬಿ ಮೊಂಡಾಗುತ್ತದೆ. ನಾವು ಉಜ್ಜುತ್ತಲೇ ಇರುತ್ತೇವೆ, ಕ್ಯಾಬಿನ್ ತುಂಬ ಧೂಳು. ಮರದ ಧೂಳು ಸುಮ್ಮನೆ ಸೀನು ತರಿಸುವ ವಸ್ತುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಆರಡಿ ಎತ್ತರವೂ ಇಲ್ಲದ ಮುಚ್ಚಿದ ಕೋಣೆಯಲ್ಲಿ ಧೂಳಿಗಿಂತ ಸುರುಳಿಯೇ ಲೇಸು. ಮಾಸ್ಕ್ ಅಂತೂ ಎರಡಕ್ಕೂ ಬೇಕು.

ಅಲಗು ಬಂದ ಹೊಸದರಲ್ಲಿ ಅದರ ಎರಡೂ ಮೂಲೆಗಳನ್ನು ಚೂರು ಗುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮೂಲೆ ಮರಕ್ಕೆ ಗೀರು ಹಾಕುತ್ತದೆ. ಕಾರ್ಬೈಡನ್ನು ಮಾಮೂಲಿ ಸಾಣೆಕಲ್ಲು ಮುಟ್ಟುವುದಿಲ್ಲ, ವಜ್ರದ ಹುಡಿ ಕೂಡಿಸಿದ ಹಲಗೆ ಬೇಕು. ಅದೂ ತಾಪತ್ರಯ ಅನಿಸಿದರೆ ಅಲಗನ್ನು ತಿರುಗಿಸಿ ಇನ್ನೊಂದು ಅಂಚು ಬಳಸಿ. ತಡೆಪಟ್ಟಿಯ ಗುಂಡನೆಯ ತಲೆಗೆ ಮಾತ್ರ ಚಪ್ಪಟೆ ಅಲಗು ಆಗಿಬರುವುದಿಲ್ಲ. ಅಲ್ಲಿ ಮುರಿದ ಗಾಜಿನ ಚೂರಿನಿಂದ ಹೆರೆಯುವ ಹಳೇ ಬಡಗಿ ವಿದ್ಯೆಗೆ ಸಮನಾದದ್ದು ಇನ್ನೂ ಬಂದಿಲ್ಲ. ದಪ್ಪ ಕೈಗವಸು ಹಾಕಿಕೊಂಡರೆ ಸರಿ.

ವೆನೀರಿನ ಮೇಲೆ ಇಷ್ಟು ಧೈರ್ಯ ಬೇಡ. ಮೇಲಿನ ಪದರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಕರೆಂಟಿನ ಸ್ಯಾಂಡರ್ ಒಂದೇ ಜಾಗದಲ್ಲಿ ಸ್ವಲ್ಪ ಹೆಚ್ಚು ನಿಂತರೆ ಸಾಕು, ಮಹಾಗನಿ ಮಾಯವಾಗಿ ಕೆಳಗಿನ ಅಂಟಿನ ಗೆರೆ, ಅದರಡಿಯ ಅಡ್ಡ ಎಳೆಯ ಮರ ಹಲ್ಲು ಕಿರಿಯುತ್ತವೆ. ಆಮೇಲೆ ಅದನ್ನು ಯಾವ ವಾರ್ನಿಷೂ ಮುಚ್ಚುವುದಿಲ್ಲ. ಹೀಟ್ ಗನ್ ಹಿಡಿದರೆ ವಾರ್ನಿಷಿನ ಜೊತೆ ವೆನೀರಿನ ಅಂಟೂ ಸಡಿಲಿ ಗುಳ್ಳೆ ಏಳುವ ಅಪಾಯ. ನಮ್ಮ ದೋಣಿಯ ಹಿಂದಿನ ಒಡೆಯರು ಒಂದು ಬಲ್ಕ್‌ಹೆಡ್ಡಿನಲ್ಲಿ ಈ ಸಾಹಸ ಮಾಡಿಟ್ಟಿದ್ದರು. ನಟ್ಟನಡುವೆ ಬೋಳು ಮಚ್ಚೆ. ಅದಕ್ಕೆ ಬಣ್ಣ ಕೂಡಿಸುತ್ತ ಕೂರುವ ಬದಲು ಹಲಗೆಗೆ ಬಿಳಿ ಪೇಂಟು, ಸುತ್ತಲಿನ ಪಟ್ಟಿಗಳಿಗೆ ಮಾತ್ರ ವಾರ್ನಿಷ್ ಕೊಟ್ಟೆವು. ಇದು ರಾಜಿಯೇನಲ್ಲ. ಅಮೆರಿಕದ ದೋಣಿ ವಿನ್ಯಾಸಕಾರ ನಥಾನಿಯಲ್ ಹೆರೆಶಾಫ್ (1848–1938) ಅವರ ಹೆಸರಿನಲ್ಲೇ ಬಿಳಿ ಹಲಗೆ, ಮಹಾಗನಿ ಅಂಚಿನ ಈ ಒಳಾಂಗಣ ಶೈಲಿ ಇಂದಿಗೂ ಪ್ರಸಿದ್ಧ. ಕತ್ತಲೆಯ ಕ್ಯಾಬಿನ್ನಿಗೆ ಬೆಳಕು ಬಂತು. ನಿಜ ಹೇಳಬೇಕೆಂದರೆ ವೆನೀರು ಚೆನ್ನಾಗಿದ್ದ ಎದುರಿನ ಬಲ್ಕ್‌ಹೆಡ್ಡಿಗೂ ಬಿಳಿ ಬಳಿಯೋಣ ಅಂತ ತಮ್ಮ ಹಟ ಹಿಡಿದಿದ್ದ. ನಾನು ಬಿಡಲಿಲ್ಲ.

ಆ ಎದುರಿನ ಬಲ್ಕ್‌ಹೆಡ್ಡಿನ ಮೇಲೆಯೇ ಇದ್ದದ್ದು ಕಪ್ಪು ಕಲೆ. ಚೈನ್‌ಪ್ಲೇಟಿನಿಂದ ಶುರುವಾಗಿ ಹಲಗೆಯ ಅರ್ಧದವರೆಗೆ ಮಸಿ ಸುರಿದ ಹಾಗೆ ಇಳಿದಿತ್ತು. ಬಹಳ ಮಂದಿ ಇದನ್ನು ಕೊಳೆತ ಮರ ಅಂದುಕೊಂಡು ಹಲಗೆಯನ್ನೇ ಕಿತ್ತೆಸೆಯುತ್ತಾರೆ. ಮರದಲ್ಲಿರುವ ಟ್ಯಾನಿನ್ನು, ಬೋಲ್ಟಿನಿಂದ ಬಂದ ಕಬ್ಬಿಣ, ಜೊತೆಗೆ ನೀರು ಮೂರೂ ಕೂಡಿದರೆ ಆಗುವ ಕಪ್ಪು ಇದು. ಉಜ್ಜಿ ತೆಗೆಯೋಣ ಅಂದರೆ ವೆನೀರು ಮುಗಿದರೂ ಕಲೆ ಮುಗಿಯುವುದಿಲ್ಲ. ಇಲ್ಲಿ ಆಕ್ಸಾಲಿಕ್ ಆಮ್ಲಕ್ಕೆ ಸಾಟಿ ಇನ್ನೊಂದಿಲ್ಲ. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬಿಸಿ ನೀರು, ಅದಕ್ಕೆ ಬಿಳಿ ಹರಳನ್ನು ಇನ್ನು ಕರಗುವುದಿಲ್ಲ ಎನ್ನುವ ತನಕ ಹಾಕುತ್ತ ಹೋಗುವುದು. ನಾರಿನ ಬ್ರಷ್ಷಿನಿಂದ ಹಲಗೆಗೆ ಬಳಿಯುವುದು. ಕಲೆಗೆ ಮಾತ್ರ ಬಳಿಯಬಾರದು, ಅಂಚಿನಿಂದ ಅಂಚಿಗೆ ಇಡೀ ಹಲಗೆಗೆ. ಇಲ್ಲವಾದರೆ ಕಲೆ ಹೋಗಿ ಅದರ ಜಾಗದಲ್ಲಿ ಬಿಳಚಿದ ಮಚ್ಚೆ ಉಳಿಯುತ್ತದೆ.

ಬಳಿದು ಸ್ವಲ್ಪ ಹೊತ್ತಿಗೆ ಕಲೆಯ ಅಂಚು ಕಪ್ಪಿನಿಂದ ಬೂದಿಗೆ ತಿರುಗಿತು. ಆಮೇಲೆ ಬೂದಿಯ ಒಳಗಿನಿಂದ ಮಹಾಗನಿಯ ಕೆಂಪು ನಿಧಾನಕ್ಕೆ ಇಣುಕಿತು. ಒಣಗುತ್ತಿದ್ದಂತೆ ಹಲಗೆಯ ಮೇಲೆ ಸಣ್ಣ ಬಿಳಿ ಹರಳುಗಳು ಕಟ್ಟಿದವು. ಚೈನ್‌ಪ್ಲೇಟಿನ ಬುಡದಲ್ಲಿ ಮೊಂಡು ಕಪ್ಪು ಉಳಿದಿತ್ತು, ಅಲ್ಲಿಗೆ ಇನ್ನೊಂದು ಸಲ ಬಳಿಯಬೇಕಾಯಿತು. ಈಗ ಅಲ್ಲಿ ಕಲೆ ಇತ್ತು ಅಂತ ತೋರಿಸಿ ಹೇಳಿದರೂ ಯಾರೂ ನಂಬುವುದಿಲ್ಲ. ಆದರೆ ಇದು ವಿಷ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಒಣಗಿದ ಹರಳನ್ನು ಎಂದೂ ಒಣದಾಗಿ ಉಜ್ಜಬಾರದು, ಆ ಪುಡಿ ಮೂಗು ಗಂಟಲನ್ನು ಸುಡುತ್ತದೆ. ಮೊದಲು ಧಾರಾಳ ನೀರಿನಲ್ಲಿ, ಬಟ್ಟೆ ಬದಲಿಸಿ ಬದಲಿಸಿ ಒರೆಸಬೇಕು, ಪೂರ್ತಿ ಒಣಗಲು ಬಿಡಬೇಕು, ಆಮೇಲೆ ಉಪ್ಪುಕಾಗದ. ಹಾಂ, ದೋಣಿಯ ಮರದ ಮೇಲೆ ಉಕ್ಕಿನ ಉಣ್ಣೆಯನ್ನು ತರಲೇಬೇಡಿ. ಅದರ ಎಳೆ ಮುರಿದು ಮರದಲ್ಲಿ ಉಳಿದರೆ, ಇಷ್ಟು ಕಷ್ಟಪಟ್ಟು ತೆಗೆದ ಕಪ್ಪನ್ನೇ ಚುಕ್ಕಿ ಚುಕ್ಕಿಯಾಗಿ ಮತ್ತೆ ಬಿತ್ತಿದಂತೆ. ಕಂಚಿನ ಉಣ್ಣೆ ಸಿಗುತ್ತದೆ, ಅದು ತುಕ್ಕು ಹಿಡಿಯುವುದಿಲ್ಲ.

ವಾರ್ನಿಷ್ ಕರಗಿಸುವ ದ್ರಾವಣಗಳ ಬಗ್ಗೆ ಉದ್ದ ಮಾತು ಬೇಡ. ಮೆಥಿಲೀನ್ ಕ್ಲೋರೈಡ್ ಇರುವವು ಕೆಲಸದಲ್ಲಿ ಎತ್ತಿದ ಕೈ, ನಿಜ. ಆದರೆ ಅದರ ಆವಿ ಮುಚ್ಚಿದ ಜಾಗದಲ್ಲಿ ಜೀವ ತೆಗೆದಿದೆ. 2019ರಲ್ಲಿ ಅಮೆರಿಕ ಇಂಥ ಪೇಂಟ್ ಕಳಚುವ ದ್ರಾವಣಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರದಂತೆ ನಿಷೇಧಿಸಿತು. ದೋಣಿಯ ಕ್ಯಾಬಿನ್ನಿಗಿಂತ ಮುಚ್ಚಿದ ಜಾಗ ಇನ್ನಾವುದು? ಬಿಡಿಸಿ ಹೊರಗೆ ತೆಗೆದುಕೊಂಡು ಹೋಗಬಹುದಾದ ಬಾಗಿಲು, ಡ್ರಾಯರುಗಳನ್ನು ಹೊರಗೇ ಕೊಂಡೊಯ್ದು ಕೆಲಸ ಮಾಡಿ. ಬಿಡಿಸಲಾಗದ್ದಕ್ಕೆ ಸ್ಕ್ರೇಪರ್ ಇದೆ.

ಬಿಡಿಸುವ ಮಾತು ಬಂತಲ್ಲ, ಅದಕ್ಕೊಂದು ಉಪಾಯ. ಪಟ್ಟಿಗಳ ಸ್ಕ್ರೂಗಳು ಕಾಣುವುದಿಲ್ಲ, ಅವುಗಳ ತಲೆಯ ಮೇಲೆ ಮರದ ಗುಂಡು ಬಿರಡೆ ಕೂರಿಸಿರುತ್ತಾರೆ. ಉಳಿಯಿಂದ ಕೆತ್ತಲು ಹೋದರೆ ತೂತಿನ ಅಂಚು ಹರಿಯುತ್ತದೆ. ಬಿರಡೆಯ ನಡುವೆ ಸಣ್ಣ ತೂತು ಕೊರೆದು ಅದಕ್ಕೊಂದು ಸಣ್ಣ ಸ್ಕ್ರೂ ತಿರುಗಿಸಿ. ಸ್ಕ್ರೂವಿನ ತುದಿ ಕೆಳಗಿನ ಸ್ಕ್ರೂ ತಲೆಗೆ ತಗುಲಿ ಮುಂದೆ ಹೋಗಲಾಗದೆ, ಬಿರಡೆ ತಾನೇ ಮೇಲೆ ಎದ್ದು ಬರುತ್ತದೆ. ಮರಳಿ ಕೂರಿಸುವಾಗ ಹೊಸ ಬಿರಡೆಯ ಎಳೆಯನ್ನು ಪಟ್ಟಿಯ ಎಳೆಯ ದಿಕ್ಕಿಗೆ ಹೊಂದಿಸಿ, ವಾರ್ನಿಷಿನಲ್ಲೋ ಅರಗಿನಲ್ಲೋ ಅದ್ದಿ ಕೂರಿಸಿ. ಮತ್ತೆ ಬಿಡದ ಎಪಾಕ್ಸಿ ಅಂಟು ಹಾಕಿದರೆ ಮುಂದಿನವರು ಶಾಪ ಹಾಕುತ್ತಾರೆ. ಒಣಗಿದ ಮೇಲೆ ಎದ್ದ ತಲೆಯನ್ನು ಉಳಿಯಿಂದ ಒಂದೇ ಪೆಟ್ಟಿಗೆ ಹಾರಿಸದೆ, ಮೊದಲು ಅರ್ಧ ಎತ್ತರದಲ್ಲಿ ಕೆತ್ತಿ ಸೀಳು ಯಾವ ಕಡೆ ಇಳಿಯುತ್ತದೆ ನೋಡಿ; ಒಳಮುಖವಾಗಿ ಇಳಿಯುತ್ತಿದ್ದರೆ ಎದುರು ದಿಕ್ಕಿನಿಂದ ಬನ್ನಿ.

ಇನ್ನು ಬಳಿಯುವ ವಸ್ತುಗಳು. ಟೀಕ್ ಆಯಿಲ್ ಎಂದು ಮಾರುವ ಡಬ್ಬಗಳು ನನ್ನ ಪಟ್ಟಿಯಲ್ಲಿ ಇಲ್ಲ. ಒಳಗಿರುವುದು ಹೆಚ್ಚಾಗಿ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ, ಜೊತೆಗೆ ಥಿನ್ನರು. ಬಳಿದ ವಾರ ಕಣ್ಣಿಗೆ ಹಬ್ಬ. ಆಮೇಲೆ ಮರ ಕಪ್ಪಾಗುತ್ತ ಹೋಗುತ್ತದೆ, ಗಾಳಿಯಾಡದ ಕಪಾಟಿನ ಒಳಗೆ ಬೂಷ್ಟಿಗೆ ಅದೇ ಊಟ. ನೀರು ಆಧಾರದ ವಾರ್ನಿಷ್ ಒಂದನ್ನೂ ಕಪಾಟಿನ ಬಾಗಿಲಿನ ಹಿಂಬದಿಗೆ ಬಳಿದು ನೋಡಿದೆ, ಕಂಪನಿಯ ಹೆಸರು ಬೇಡ. ವಾಸನೆಯಿಲ್ಲ, ಬೇಗ ಒಣಗುತ್ತದೆ, ಬ್ರಷ್ಷು ನೀರಿನಲ್ಲೇ ತೊಳೆಯಬಹುದು. ಆದರೆ ತೇಗದ ಎಣ್ಣೆಯಂಶದ ಮೇಲೆ ಅದು ಕಚ್ಚಲಿಲ್ಲ, ಅಂಚಿನಿಂದ ಪಟ್ಟಿಯಾಗಿ ಸುಲಿದು ಬಂತು. ಬಣ್ಣವೂ ತಣ್ಣಗೆ, ಸ್ವಲ್ಪ ನೀಲಿ ಛಾಯೆ. ಮಹಾಗನಿಗೆ ಬೇಕಾದ ಜೇನಿನ ಬೆಚ್ಚಗೆ ಅದರಲ್ಲಿ ಇಲ್ಲ.

ಅಂತೂ ಡಬ್ಬಕ್ಕೆ ಬಂದೆವು. ಎಪಿಫೇನ್ಸ್ ನೆದರ್ಲೆಂಡ್ಸಿನ ಆಲ್ಸ್‌ಮೀರ್ ಎಂಬಲ್ಲಿ 1902ರಲ್ಲಿ ಶುರುವಾದ ಕಂಪನಿ. ದೋಣಿಯವರಲ್ಲಿ ಇದರ ಹೊಳೆಯುವ ಕ್ಲಿಯರ್ ವಾರ್ನಿಷ್ಷೇ ಹೆಚ್ಚು ಪರಿಚಿತ. ಟಂಗ್ ಎಣ್ಣೆ, ಫೀನಾಲಿಕ್ ಮತ್ತು ಆಲ್ಕಿಡ್ ರಾಳ, ಬಿಸಿಲು ತಡೆಯುವ ಅಂಶ ಸೇರಿದ್ದು. ರಬ್ಡ್ ಎಫೆಕ್ಟ್ ಅದರ ಒಳಾಂಗಣದ ತಂಗಿ. ಹಿಂದೆ ಹೊಳಪು ವಾರ್ನಿಷನ್ನು ಪ್ಯೂಮಿಸ್ ಕಲ್ಲಿನ ಪುಡಿ, ಎಣ್ಣೆ ಹಾಕಿ ಕೈಯಲ್ಲಿ ಉಜ್ಜಿ ಹೊಳಪನ್ನು ತಗ್ಗಿಸುತ್ತಿದ್ದರಲ್ಲ, ಆ ನೋಟವನ್ನು ಬ್ರಷ್ಷಿನಲ್ಲೇ ಕೊಡುವುದು ಇದರ ಉದ್ದೇಶ. ಕೊಡುತ್ತದೆಯೇ? ಕೊಡುತ್ತದೆ. ಸಂಜೆ ಕಿಟಕಿಯಿಂದ ಅಡ್ಡಬೆಳಕು ಬಿದ್ದಾಗ ಹೊಳಪು ವಾರ್ನಿಷಿನ ಹಲಗೆ ತನ್ನ ಪ್ರತಿಯೊಂದು ತಗ್ಗುದಿಣ್ಣೆಯನ್ನೂ ಊರಿಗೆಲ್ಲ ಸಾರುತ್ತದೆ. ಇದು ಹಾಗಲ್ಲ, ಬೆಳಕನ್ನು ಮೆತ್ತಗೆ ಹರಡುತ್ತದೆ, ಹಳೇ ಮರದ ಗಾಯಗಳನ್ನು ಮುಚ್ಚಿಡುತ್ತದೆ. ಕೈಯಾಡಿಸಿದರೆ ಪ್ಲಾಸ್ಟಿಕ್ ಅನಿಸುವುದಿಲ್ಲ.

ಆದರೆ ಎಲ್ಲ ಕೋಟನ್ನೂ ಇದರಲ್ಲೇ ಹಾಕಬೇಡಿ. ಈ ವಿಮರ್ಶೆಯಿಂದ ಒಂದೇ ಒಂದು ವಿಷಯ ತೆಗೆದುಕೊಂಡು ಹೋಗುವವರು ಇದನ್ನು ತೆಗೆದುಕೊಂಡು ಹೋಗಿ. ಯಾವ ಕಂಪನಿಯದೇ ಆಗಲಿ, ಮಂದ ಹೊಳಪಿನ ವಾರ್ನಿಷಿನಲ್ಲಿ ಹೊಳಪು ಕುಗ್ಗಿಸಲು ಸೂಕ್ಷ್ಮ ಕಣಗಳನ್ನು, ಸಾಮಾನ್ಯವಾಗಿ ಸಿಲಿಕಾ, ಬೆರೆಸಿರುತ್ತಾರೆ. ಒಂದು ಪದರದಲ್ಲಿ ಅವು ಬೆಳಕನ್ನು ಚದುರಿಸಿ ಸೊಗಸು ಕೊಡುತ್ತವೆ. ನಾಲ್ಕೈದು ಪದರ ಒಂದರ ಮೇಲೊಂದು ಬಿದ್ದರೆ ಮರಕ್ಕೂ ಕಣ್ಣಿಗೂ ನಡುವೆ ಮಂಜು ಕಟ್ಟುತ್ತದೆ, ಎಳೆಯ ಆಳ ಹೋಗುತ್ತದೆ. ಹಾಗಾಗಿ ಅಡಿಪಾಯಕ್ಕೆ ಹೊಳಪಿನ ಕ್ಲಿಯರ್ ವಾರ್ನಿಷ್: ಮೊದಲ ಕೋಟು ಅರ್ಧಕ್ಕರ್ಧ ಥಿನ್ನರ್ ಬೆರೆಸಿ, ಮರ ಕುಡಿಯುವಷ್ಟು ಕುಡಿಯಲಿ, ಎರಡನೆಯದಕ್ಕೆ ಕಾಲು ಪಾಲು, ಆಮೇಲೆ ಇನ್ನೂ ಕಡಿಮೆ. ಪ್ರತಿ ಕೋಟು ಒಣಗಿದ ಮೇಲೆ 220, ಮುಂದೆ 320ರ ಕಾಗದದಿಂದ ಹಗುರಕ್ಕೆ ಉಜ್ಜಿ ಧೂಳು ಒರೆಸಬೇಕು. ಮರದ ರಂಧ್ರಗಳು ತುಂಬಿ ಮೈ ಸಮವಾಯಿತು ಎನಿಸಿದ ಮೇಲೆ ಕಟ್ಟಕಡೆಯ ಒಂದು ಕೋಟು, ಹೆಚ್ಚೆಂದರೆ ಎರಡು, ರಬ್ಡ್ ಎಫೆಕ್ಟ್. ಹೀಗೆ ಲೆಕ್ಕ ಹಾಕಿದರೆ ದೊಡ್ಡ ಡಬ್ಬ ಹೊಳಪಿನದ್ದು, ಚಿಕ್ಕ ಡಬ್ಬ ಮಂದದ್ದು ಕೊಂಡರೆ ಸಾಕು.

ಆ ಕಣಗಳು ಡಬ್ಬದ ತಳದಲ್ಲಿ ಕೂತಿರುತ್ತವೆ. ಕುಲುಕಬಾರದು, ಕುಲುಕಿದರೆ ಗುಳ್ಳೆ. ಚಪ್ಪಟೆ ಕಡ್ಡಿಯಿಂದ ತಳವನ್ನು ಕೆರೆದು ಮೇಲೆತ್ತುತ್ತ ನಿಧಾನಕ್ಕೆ ಕಲಸಬೇಕು, ಕೆಲಸದ ನಡುವೆಯೂ ಆಗಾಗ ಕಲಸುತ್ತಿರಬೇಕು. ಕಲಸದಿದ್ದರೆ ಮೊದಲ ಬಾಗಿಲು ಫಳಫಳ, ಕೊನೆಯ ಬಾಗಿಲು ಸುಣ್ಣದ ಗೋಡೆ. ಬಳಿಯುವಾಗಲೂ ಹೊಳಪು ವಾರ್ನಿಷಿನಲ್ಲಿ ಸಿಗುವ ಕ್ಷಮೆ ಇದರಲ್ಲಿಲ್ಲ. ಒಂದು ಹಲಗೆ ಹಿಡಿದರೆ ಅಂಚಿನಿಂದ ಅಂಚಿಗೆ ನಿಲ್ಲಿಸದೆ ಮುಗಿಸಿ, ಕೊನೆಯ ಎಳೆತವನ್ನು ಒದ್ದೆಯಾದ ಕಡೆಗೆ ಎಳೆದು ಬ್ರಷ್ ಎತ್ತಿಬಿಡಬೇಕು. ಗಟ್ಟಿಯಾಗಲು ಶುರುವಾದ ಮೇಲೆ ‘ಅಯ್ಯೋ, ಅಲ್ಲೊಂದು ಜಾಗ ಬಿಟ್ಟುಹೋಯಿತು’ ಅಂತ ಮತ್ತೆ ಬ್ರಷ್ ಆಡಿಸಿದರೆ ಆ ಜಾಗದ ಮಂದವೇ ಬೇರೆಯಾಗಿ ಪಟ್ಟೆ ಬೀಳುತ್ತದೆ. ಚಪ್ಪಟೆ ಹಲಗೆಗೆ ಸ್ಪಂಜಿನ ಬ್ರಷ್ಷು ನನಗೆ ಹಿಡಿಸಿತು, ನಾರಿನ ಗೆರೆ ಉಳಿಯುವುದಿಲ್ಲ. ಪಟ್ಟಿ ಮೂಲೆಗಳಿಗೆ ಒಳ್ಳೆಯ ನಾರಿನ ಬ್ರಷ್ಷೇ ಬೇಕು. ಜಾಲಂದ್ರದ ಬಾಗಿಲುಗಳು, ಅಡ್ಡಡ್ಡ ಓರೆಪಟ್ಟಿಯವು, ನರಕ. ಪ್ರತಿ ಪಟ್ಟಿಯ ತುದಿಯಲ್ಲಿ ಹನಿ ಕಟ್ಟಿ ಇಳಿಯುತ್ತದೆ. ಅವನ್ನು ಬಿಡಿಸಿ ಮಲಗಿಸಿ, ಮೊದಲು ಸಂದುಗಳಿಗೆ ಅರೆ ಒಣ ಬ್ರಷ್ಷು, ಆಮೇಲೆ ಪಟ್ಟಿಯ ಮುಖ. ನನ್ನ ಒಂದು ಅಂಕ ಕಡಿತಕ್ಕೆ ಅರ್ಧ ಕಾರಣ ಈ ಬಾಗಿಲುಗಳೇ, ಅದು ಕಂಪನಿಯ ತಪ್ಪೇನಲ್ಲ ಬಿಡಿ.

ತೇಗಕ್ಕೆ ಮೊದಲ ಕೋಟಿನ ಮುಂಚೆ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಹಳದಿ ಕಂದು ಬರುತ್ತದೆ, ಅದು ಮರದ ಸ್ವಂತ ಎಣ್ಣೆ, ವಾರ್ನಿಷ್ ಒಣಗದಂತೆ ತಡೆಯುವುದು ಅದೇ. ಒರೆಸಿ ಬಹಳ ಹೊತ್ತು ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಒರೆಸಿದ ಬೆನ್ನಿಗೇ ಬಳಿಯಬೇಕು. ಇನ್ನು ಕೆಲವು ಕಡೆ ಬಳಿದ ವಾರ್ನಿಷ್ ನಿಲ್ಲದೆ ಸಣ್ಣ ಸಣ್ಣ ಕುಳಿಗಳಾಗಿ ಹಿಂದೆ ಸರಿಯುತ್ತದೆ. ಹಿಂದಿನವರು ಸಿಲಿಕೋನ್ ಇರುವ ಪೀಠೋಪಕರಣ ಸ್ಪ್ರೇ ಹೊಡೆದಿದ್ದರೆ ಹೀಗಾಗುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಮೇಣ ತೆಗೆದ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಒಂದು ತೆಳು ಕೋಟು ಕೊಟ್ಟು ಅದನ್ನು ಒಳಗೇ ಬಂಧಿಸಿಬಿಡಿ, ಅದರ ಮೇಲೆ ಯಾವ ವಾರ್ನಿಷ್ ಬೇಕಾದರೂ ಕೂರುತ್ತದೆ.

ವಾಸನೆ ಇದೆ, ಸುಳ್ಳು ಹೇಳುವುದಿಲ್ಲ. ಎಣ್ಣೆ ವಾರ್ನಿಷ್ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ಕ್ಯಾಬಿನ್ ಮುಚ್ಚಿಟ್ಟರೆ ಧೂಳು ಬೀಳುವುದಿಲ್ಲ, ವಾರ್ನಿಷೂ ಒಣಗುವುದಿಲ್ಲ. ಥಿನ್ನರಿನ ಆವಿ ಗಾಳಿಗಿಂತ ಭಾರ, ಅದು ಇಳಿದು ಬಿಲ್ಜಿನಲ್ಲಿ, ಅಂದರೆ ನೀರು ಸೇರುವ ದೋಣಿಯ ತಳದಲ್ಲಿ, ನಿಲ್ಲುತ್ತದೆ. ಅಲ್ಲೇ ತಾನಾಗಿ ಚಾಲೂ ಆಗುವ ಪಂಪಿನ ಸ್ವಿಚ್ಚೂ ಇರುತ್ತದೆ, ಒಂದು ಕಿಡಿ ಸಾಕು. ಇದನ್ನು ತಲೆಯಲ್ಲಿಟ್ಟುಕೊಂಡದ್ದು ತಮ್ಮ. ದೋಣಿ ದಡದ ಮೇಲಿತ್ತು, ಬ್ಯಾಟರಿಯನ್ನೇ ಕಳಚಿಟ್ಟ. ಫ್ಯಾನನ್ನು ಕ್ಯಾಬಿನ್ನಿನ ಹೊರಗಿಟ್ಟು ಹೊಸ ಗಾಳಿಯನ್ನು ಒಳಕ್ಕೆ ತಳ್ಳುವಂತೆ ಮಾಡಿದ, ಆವಿ ಫ್ಯಾನಿನ ಮೋಟಾರನ್ನು ಹಾದು ಹೋಗದಿರಲಿ ಎಂದು. ವಾರ್ನಿಷ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ಬಿಸಿ ಹುಟ್ಟಿಸುತ್ತದೆ, ಮುದ್ದೆಯ ಒಳಗೆ ಆ ಬಿಸಿಗೆ ಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಕ್ಕೆ ಹಾಕಿ.

ಎಲ್ಲಿ ಇದು ಬೇಡ? ಕ್ಯಾಬಿನ್ನಿಗೆ ಇಳಿಯುವ ಮೆಟ್ಟಿಲು, ಅದರ ಚೌಕಟ್ಟು ಒಳಗಿದ್ದರೂ ಬಿಸಿಲು ಮಳೆ ಎರಡೂ ತಿನ್ನುತ್ತವೆ. ಅಲ್ಲಿ ಹೊರಾಂಗಣದ ಹೊಳಪು ವಾರ್ನಿಷೇ ಇರಲಿ. ಮೇಜಿಗೂ ನೆಲಹಲಗೆಗೂ ಇನ್ನೂ ಗಡಸು ಮೈ ಬೇಕು, ಅಲ್ಲಿ ಎರಡು ಡಬ್ಬ ಬೆರೆಸುವ ಪಾಲಿಯುರೆಥೇನ್ ಹೆಚ್ಚು ಬಾಳುತ್ತದೆ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಜನ್ಮಕ್ಕೆ ಬಿಡದು. ಕ್ಯಾಬಿನ್ನಿನಲ್ಲಿ ಸ್ಪ್ರೇ ಹೊಡೆಯುವ ಮಾತೇ ಇಲ್ಲ. ನೆಲಹಲಗೆಗಳನ್ನು ಎತ್ತಿ ಹೊರಗೆ ತಂದು ರೋಲರಿನಲ್ಲಿ ಬಳಿಯಬಹುದು, ಕೊನೆಯ ಕೋಟಿಗೆ ಜಾರದಂತೆ ಸಣ್ಣ ಕಾಳಿನ ಪುಡಿ ಬೆರೆಸಬಹುದು. ಒದ್ದೆ ಕಾಲಿನಲ್ಲಿ, ಓಲಾಡುವ ದೋಣಿಯಲ್ಲಿ, ಹೊಳೆಯುವ ನೆಲಕ್ಕಿಂತ ಕೆಟ್ಟದ್ದಿಲ್ಲ. ಎತ್ತಿದಾಗ ಹಲಗೆಯ ಅಡಿಭಾಗ, ನಾಲ್ಕೂ ಅಂಚು ಮರೆಯಬೇಡಿ. ಅಲ್ಲಿ ಅಂದ ಬೇಡ, ನೀರು ಹೋಗದಷ್ಟು ಕೋಟು ಬೇಕು.

ಉಳಿದ ವಾರ್ನಿಷಿನ ಬಗ್ಗೆ ಒಂದು ಮಾತು. ದೊಡ್ಡ ಡಬ್ಬದಲ್ಲಿ ಬ್ರಷ್ ಅದ್ದಬೇಡಿ. ಆ ದಿನಕ್ಕೆ ಬೇಕಾದಷ್ಟನ್ನು ಚೆನ್ನಾಗಿ ಕಲಸಿ, ಕಾಗದದ ಜರಡಿಯಲ್ಲಿ ಸೋಸಿ ಬೇರೆ ಬಟ್ಟಲಿಗೆ ಸುರಿದುಕೊಂಡು ಮುಚ್ಚಳ ಬಿಗಿ ಮಾಡಿ. ಬಟ್ಟಲಿನಲ್ಲಿ ಉಳಿದದ್ದನ್ನು ಮತ್ತೆ ಡಬ್ಬಕ್ಕೆ ಸುರಿದರೆ ಧೂಳೂ ಜೊತೆಗೆ ಹೋಗುತ್ತದೆ. ಅರ್ಧ ಖಾಲಿಯಾದ ಡಬ್ಬದಲ್ಲಿ ಗಾಳಿ ನಿಂತು ಕೆನೆ ಕಟ್ಟುತ್ತದೆ, ಅದಕ್ಕೆ ಉಳಿದದ್ದನ್ನು ತುಂಬುವಷ್ಟು ಚಿಕ್ಕ ಗಾಜಿನ ಬಾಟಲಿಗೆ ಬಗ್ಗಿಸಿ ಕಂಠದವರೆಗೆ ತುಂಬಿಸಿಡಿ. ನಮ್ಮದು ಅಂಥ ಒಂದು ಬಾಟಲಿ ಉಳಿದಿದೆ. ತಮ್ಮ ತನ್ನ ಚಾರ್ಟ್ ಮೇಜಿನ, ಅಂದರೆ ಕಡಲ ನಕ್ಷೆ ಹರಡುವ ಮೇಜಿನ, ಅಂಚಿಗೆ ಸುತ್ತಿಗೆ ಬೀಳಿಸಿಕೊಂಡಿದ್ದಾನೆ, ಮೊದಲ ಖರ್ಚು ಅಲ್ಲಿಗೇ.